ಹತ್ತೊಂಬತ್ತರ ನಂತರದ ಪ್ರಶ್ನೆ

ಅಕ್ಕೋರ ಎಡಗೈ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಗರಗದ ತವರಿನಲ್ಲಿ ವರ್ಷಗಟ್ಟಲೆ ನೂಲು ತೆಗೆದು ಬಿದ್ದದ್ದು. ಮದುವೆಯಾಗಿ ಕೇಶ್ವಾಪುರಕ್ಕೆ ಬಂದು ಎಷ್ಟೋ ಕಾಲವಾಗಿದ್ದರೂ ಮಾಸಿರಲಿಲ್ಲ. ನಮ್ಮ ಚರ್ಚಿನಲ್ಲಿ ದೃಢೀಕರಣಕ್ಕೆ ಕೂಡುವ ಮಕ್ಕಳಿಗೆ ಪಾಠ ಹೇಳುತ್ತಿದ್ದವರು ಅವರೇ. ನಾವು ಉತ್ತರ ಒಪ್ಪಿಸುವಾಗ ಆ ಬೆರಳು ಹೆಬ್ಬೆರಳನ್ನು ಮೆಲ್ಲಗೆ ಉಜ್ಜುತ್ತಿತ್ತು, ಎಳೆ ಗಟ್ಟಿ ಇದೆಯೋ ಇಲ್ಲವೋ ನೋಡುವ ಹಾಗೆ.

ನಮ್ಮಲ್ಲಿ ಕೂಸಿದ್ದಾಗಲೇ ದೀಕ್ಷಾಸ್ನಾನ ಮಾಡಿಸಿಬಿಡುತ್ತಾರೆ. ಹದಿನೈದರ ಸುಮಾರಿಗೆ ಅದೇ ಕೂಸು ಸಭೆಯ ಮುಂದೆ ನಿಂತು ಇದು ನನ್ನ ನಂಬಿಕೆ ಎಂದು ತಾನೇ ಹೇಳಬೇಕು. ಆಮೇಲೆಯೇ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ. ಅದಕ್ಕೊಂದು ಪ್ರಶ್ನೋತ್ತರದ ಪುಸ್ತಕ. ನಾನು ಅದನ್ನು ಅರೆದು ಕುಡಿದಿದ್ದೆ. ಅಜ್ಜ ಸಭೆಯ ಹಿರಿಯರು, ಅಪ್ಪ ಹಾರ್ಮೋನಿಯಂ ನುಡಿಸುವವರು. ಪರಲೋಕದಲ್ಲಿ ನಮ್ಮ ಮನೆತನಕ್ಕೆ ಒಂದು ಬೆಂಚೇ ಮೀಸಲು ಎಂಬ ಜಂಬ ನನಗೆ. ಆ ದಿನ ಉಡಲೆಂದು ಅವ್ವ ಬಿಳಿ ಸೀರೆಯನ್ನೂ ತಂದಿಟ್ಟಿದ್ದಳು.

ಕೊನೆಯ ಪರೀಕ್ಷೆಯ ದಿನ ಅಕ್ಕೋರು ಹದಿನೆಂಟನೆಯ ಪ್ರಶ್ನೆ ಮುಗಿಸಿ, ಹತ್ತೊಂಬತ್ತನ್ನು ಬಿಟ್ಟು, ಇಪ್ಪತ್ತನ್ನು ಕೇಳಿದರು: "ಯೇಸು ನಿನ್ನನ್ನು ಯಾವುದರಿಂದ ಬಿಡಿಸಿದ್ದಾನೆ?"

ನಾನು ಒಂದೇ ಉಸಿರಿಗೆ, ಯೇಸು ಸತ್ತು ಯಾವಾಗ ಎದ್ದನೆಂಬ ಹತ್ತೊಂಬತ್ತರ ಉತ್ತರ ಒದರಿದೆ: "ಮೂರನೆಯ ದಿನದಲ್ಲಿ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕೋರು ನಗಲಿಲ್ಲ. "ಪುಸ್ತಕ ಬಿಡವಾ. ನಿನ್ನ ಮಾತಿನ್ಯಾಗ ಹೇಳು."

"ನಮ್ಮಜ್ಜಾರು ಸಭಾದ ಹಿರಿಯಾರಿದ್ರರಿ" ಎಂದೆ.

"ಅಜ್ಜಾರು ಉಂಡ್ರ ನಿನ್ನ ಹೊಟ್ಟಿ ತುಂಬತೈತೇನು?"

ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಅವ್ವ ಜಗಳಕ್ಕೇ ಹೋದಳು. "ಮಂದಿ ಏನಂತಾರ್ರಿ ಅಕ್ಕೋರ? ಸೀರಿ ಸುದ್ದಾ ತಂದೇವ್ರಿ."

ಅಕ್ಕೋರು ಅವಳ ಕೈಗೆ ಚಹಾ ಕೊಟ್ಟರು. "ಸೀರಿ ಟ್ರಂಕಿನ್ಯಾಗ ಇರ್ಲಿ ಬಿಡ್ರಿ. ದೇವರ ಮುಂದ ನಿಂತು ಹುಡುಗಿ ಸುಳ್ಳು ಹೇಳೂದು ಬ್ಯಾಡ."

ಆಮೇಲೆ ಅವರನ್ನು ಕಂಡರೆ ನಾನು ದಾರಿ ಬದಲಿಸುತ್ತಿದ್ದೆ. ಆದರೆ ಅದೇ ವರ್ಷ ಶಾಲೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯಕ್ಕೆ ನನ್ನ ಕಾಪಿ ಚೀಟಿಯನ್ನು ಗೆಳತಿಯ ಬೆಂಚಿನಡಿಗೆ ತಳ್ಳಿದೆ. ಎಲ್ಲರೆದುರು ಅವಳನ್ನು ಹೊರಗೆ ಹಾಕಿದರು. ಹಿರಿಯರ ಮೊಮ್ಮಗಳು, ಮನೆಯಲ್ಲಿ ಯಾವ ಬಾಯಿಂದ ಹೇಳಲಿ? ಕಾಲುಗಳು ಅಕ್ಕೋರ ಮನೆಗೆ ಹೋದವು. ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ದೇವರು ನನ್ನ ಕ್ಷಮಿಸ್ತಾನೇನ್ರಿ?"

"ನನ್ನ ಕೇಳಿದ್ರ ಏನು ಬಂತು? ಆತನ್ನ ಕೇಳು" ಎಂದವರೇ ಅರಿವೆ ಒಣಹಾಕಲು ಹಿತ್ತಲಿಗೆ ಹೋದರು.

ಒಬ್ಬಳೇ ಕೂತು ಅತ್ತೆ, ತೊದಲಿದೆ, ಕೇಳಿಕೊಂಡೆ. ಪುಸ್ತಕದ ಒಂದು ಶಬ್ದವೂ ಅದರಲ್ಲಿರಲಿಲ್ಲ. ಎದೆಯ ಮೇಲಿನ ಭಾರ ಇಳಿದದ್ದು ಮಾತ್ರ ನಿಜ. ಒಳಗೆ ಬಂದ ಅಕ್ಕೋರು ನನ್ನ ಮುಖ ನೋಡಿದರು. "ಈಗ ಹೋಗು, ಸಾಲ್ಯಾಗ ಖರೇ ಹೇಳಿ ಬಾ." ಹೇಳಿದೆ. ಶಿಕ್ಷೆಯೂ ಆಯಿತು. ಮರುವರ್ಷ ಆ ಸೀರೆ ಉಟ್ಟು, ಇಪ್ಪತ್ತನೆಯದಕ್ಕೆ ನನ್ನದೇ ಉತ್ತರ ಕೊಟ್ಟೆ.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಅಂದು ಅವರು ನನ್ನನ್ನು ದಾಟಿಸಿಬಿಟ್ಟಿದ್ದರೆ ಇಂದಿಗೂ ನಾನು ಅಜ್ಜನ ನಂಬಿಕೆಯ ನೆರಳಲ್ಲೇ ಇರುತ್ತಿದ್ದೆ. ಆ ಋಣ ತೀರುವಂಥದ್ದಲ್ಲ.

ಈಗ ಅವರ ತರಗತಿ ನನ್ನ ಪಾಲಿಗೆ ಬಂದಿದೆ. ನಿನ್ನೆ ಕೊನೆಯ ಪರೀಕ್ಷೆ. ಮುಂದಿನ ಬೆಂಚಿನಲ್ಲಿ ನನ್ನ ಮಗಳು. ಹದಿನೆಂಟು ಉತ್ತರಗಳನ್ನೂ ಒಂದು ಅಕ್ಷರ ತಪ್ಪದೆ, ಉಸಿರು ಬಿಡದೆ ಒಪ್ಪಿಸಿದಳು. ಮನೆಯಲ್ಲಿ ಅದೇ ಬಿಳಿ ಸೀರೆಗೆ ನಾನೇ ಇಸ್ತ್ರಿ ಮಾಡಿಟ್ಟಿದ್ದೆ. ಸಾಲಾಗಿ ಕೇಳಿದರೆ ಅವಳು ದಾಟಿಬಿಡುತ್ತಾಳೆಂದು ಗೊತ್ತಿತ್ತು. ನೋಡುತ್ತೇನೆ, ನನ್ನ ಬೆರಳು ಹೆಬ್ಬೆರಳನ್ನು ಉಜ್ಜುತ್ತಿದೆ.

ಹತ್ತೊಂಬತ್ತನ್ನು ಬಿಟ್ಟು, ಇಪ್ಪತ್ತನ್ನು ಕೇಳಿದೆ.