ಖಾಲಿ ಬಿಟ್ಟ ಎರಡು ಕಾಲಂ

ಕೂಡ್ಲಿಗಿಯ ಕಂಪ್ಯೂಟರ್ ಮೇಷ್ಟ್ರು ಮೈಲಾರೇಶ್ ಈಗ ಟೈಪಿಂಗ್ ಬಿಟ್ಟು ಬೇರೇನೂ ಕಲಿಸುವುದಿಲ್ಲ. 2008ರಲ್ಲಿ ಅವನೊಂದು ಪ್ರೋಗ್ರಾಂ ಬರೆದಿದ್ದ. ಕುರಿಯ ಲಕ್ಷಣಗಳನ್ನು ತುಂಬಿದರೆ, ಇಂಟರ್ನೆಟ್ಟಿನಲ್ಲಿ ಸಿಕ್ಕ, ಬೇರೆಯವರು ಬರೆದಿಟ್ಟ ರೆಡಿಮೇಡ್ ಕೋಡಿನ ಲೈಬ್ರರಿಯೊಂದು ಅವನ್ನು ದೂರದ ಸರ್ವರಿಗೆ ಕಳಿಸುತ್ತಿತ್ತು. ಸಾವಿರಾರು ಕುರಿಗಳ ದಾಖಲೆಯಿಂದ ಕಲಿತಿದ್ದ ಅಲ್ಲಿನ ಮಾಡೆಲ್ ರೋಗದ ಹೆಸರು ಹೇಳುತ್ತಿತ್ತು. ಒಂದು ಕಾಲಂ ಖಾಲಿಯಿದ್ದರೂ ಸರ್ವರ್ ಎರರ್ ಕೊಡುತ್ತಿತ್ತು. ಬೇಸತ್ತ ಮೈಲಾರೇಶ್, ಖಾಲಿ ಇದ್ದಲ್ಲೆಲ್ಲ ಪ್ರೋಗ್ರಾಮೇ 'ಇಲ್ಲ' ಎಂದು ತುಂಬುವಂತೆ ಮಾಡಿದ. ಬುದ್ಧಿವಂತಿಕೆ ಅಂದುಕೊಂಡ; ಅದು ಶುದ್ಧ ಸೋಮಾರಿತನ.

ಕುರಿ ಸಾಕುವ ತಿಪ್ಪೇರುದ್ರಮ್ಮ ಒಂದು ದಿನ, ಕುರಿಯೊಂದಕ್ಕೆ ಹುಷಾರಿಲ್ಲವೆಂದು ಅವನ ಬಳಿ ಬಂದಳು.

"ಕುರಿಗೆ ಜ್ವರ ಐತೇನಮ್ಮ? ಬಾಯಾಗ ಹುಣ್ಣು?"

"ಭೇದಿ ಹತ್ತೈತಿ, ಉಚ್ಚಿಕೊಳ್ಳಾಕತ್ತೈತಿ. ಉಳಿದದ್ದು ಗೊತ್ತಿಲ್ಲಪ್ಪ, ನೋಡಿಲ್ಲ."

ಅವನು ಜ್ವರ, ಹುಣ್ಣು ಎರಡೂ ಕಾಲಂ ಖಾಲಿ ಬಿಟ್ಟ; ಪ್ರೋಗ್ರಾಂ ಅಲ್ಲಿ 'ಇಲ್ಲ' ಎಂದು ತುಂಬಿ ಕಳಿಸಿತು. ಜಂತುಹುಳು, ತೊಂಬತ್ತಾರು ಪರ್ಸೆಂಟ್ ಖಾತ್ರಿ ಎಂದು ಉತ್ತರ ಬಂತು. ಆಕೆ ಜಂತಿನ ಔಷಧಿ ಕುಡಿಸಿ, ಆ ಕುರಿಯನ್ನು ಉಳಿದವುಗಳ ಜೊತೆಗೇ ಕುರಿಹಟ್ಟಿಯಲ್ಲಿ ಕೂಡಿಹಾಕಿದಳು.

ಅದು ಅಂಟುರೋಗವಾಗಿತ್ತು. ಹದಿನೈದು ದಿನಗಳಲ್ಲಿ ಹಟ್ಟಿಯೇ ಬರಿದಾಯಿತು. ದನದ ಡಾಕ್ಟರು ಸತ್ತ ಕುರಿಯ ಬಾಯಿ ತೆರೆದು ಹುಣ್ಣು ತೋರಿಸಿದರು.

ತಿಪ್ಪೇರುದ್ರಮ್ಮ ಬೈಯಲಿಲ್ಲ. ಅವನ ಬಾಗಿಲಿಗೆ ಬಂದು ಇಷ್ಟೇ ಕೇಳಿದಳು:

"ನಾ ಗೊತ್ತಿಲ್ಲ ಅಂದಿದ್ನಲ್ಲಪ್ಪ. ಅದನ್ನ ನಿನ್ನ ಕಂಪ್ಯೂಟರಿಗೆ ಹೇಳಲಿಲ್ಲೇನು?"