ಗಡಿ ದಾಟಿದ ಮೇಲೆ ಹಾಕಿಸೋಣ

ನನ್ನ ಕಾರಿನಲ್ಲಿ ಪೆಟ್ರೋಲ್ ಮುಗಿಯುತ್ತ ಬಂದಾಗ ಹೊತ್ತುವ ದೀಪ ಹಳದಿ ಬಣ್ಣದ್ದು, ಕಡಲೆಬೇಳೆಯಷ್ಟು ಗಾತ್ರದ್ದು. ಕಲ್ಯಾಣದುರ್ಗದ ಬಸ್ ನಿಲ್ದಾಣ ದಾಟುವಾಗ ಅದು ಒಮ್ಮೆ ಹೊತ್ತಿ ಆರಿತು. ಊರು ಮುಗಿಯುವ ಹೊತ್ತಿಗೆ ಮತ್ತೆ ಹೊತ್ತಿತು. ಈ ಸಲ ಆರಲಿಲ್ಲ. ಎಡಕ್ಕೆ ಒಂದು ಬಂಕ್ ಕಾಣಿಸಿತು. ನಾನು ವೇಗ ತಗ್ಗಿಸಿದೆ.

"ಇಲ್ಯಾಕ?" ಅಂದಳು ಪಕ್ಕದಲ್ಲಿ ಕೂತಿದ್ದ ಅಮ್ಮ. "ಮುಂದ ಪಾವಗಡ ಬರ್ತೈತಲ್ಲ. ಗಡಿ ದಾಟಿದ ಮ್ಯಾಲೆ ಹಾಕ್ಸಿದ್ರಾತು."

ನಾನು ಬಂಕ್ ದಾಟಿ ಮುಂದೆ ಹೋದೆ.

ನಮ್ಮೂರು ರಾಯದುರ್ಗದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ ಪೆಟ್ರೋಲ್ ಅಗ್ಗ, ನಮ್ಮ ಆಂಧ್ರದಲ್ಲಿ ತುಟ್ಟಿ. ಊರಿನಿಂದ ಮೊಳಕಾಲ್ಮುರು ಕಡೆಗೋ ಬಳ್ಳಾರಿ ಕಡೆಗೋ ಸ್ವಲ್ಪ ಹೊತ್ತು ಗಾಡಿ ಓಡಿಸಿದರೆ ಗಡಿ ಸಿಗುತ್ತದೆ. ಆ ಕಡೆ ಕೆಲಸವಿದ್ದವರು ಟ್ಯಾಂಕ್ ತುಂಬಿಸಿಕೊಂಡು ಬರುತ್ತಾರೆ. ಕೆಲಸವಿಲ್ಲದವರು ಒಂದು ಕೆಲಸ ಹುಡುಕಿಕೊಂಡು ಹೋಗಿ ತುಂಬಿಸುತ್ತಾರೆ. ಊರಿನ ಬಂಕಿನಲ್ಲಿ ಹಾಕಿಸುವುದಾದರೆ ಗಡಿ ಮುಟ್ಟುವಷ್ಟು ಮಾತ್ರ. ಪಾತ್ರೆ ಅಂಗಡಿ ಇಟ್ಟಿರುವ ನನ್ನ ಅಪ್ಪ ತಮ್ಮ ಸ್ಕೂಟರನ್ನು ಇಷ್ಟು ವರ್ಷ ಓಡಿಸಿದ್ದು ಹೀಗೆಯೇ. ನಾನು ಈ ಲೆಕ್ಕದಲ್ಲೇ ಬೆಳೆದವಳು.

ಆ ದಿನದ ಪ್ರಯಾಣ ಮೂರನೆಯದು. ಮೂರು ಎಂಬ ಸಂಖ್ಯೆ ಅಪ್ಪನದು.

ಅಮ್ಮ ಸಮುದ್ರ ನೋಡಿರಲಿಲ್ಲ. ಬಸ್ ಹತ್ತಿದರೆ ಅವಳಿಗೆ ವಾಂತಿಯಾಗುತ್ತದೆ; ಅನಂತಪುರ ತಲುಪುವಷ್ಟರಲ್ಲಿ ಸುಸ್ತಾಗಿ ಒರಗಿಬಿಡುತ್ತಾಳೆ. ಅಪ್ಪ ಅಂಗಡಿ ಮುಚ್ಚಿ ಎಲ್ಲಿಗೂ ಹೋಗುವವರಲ್ಲ. ನಾನು ಊರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವರ್ಷ ಚಿಕ್ಕದೊಂದು ಹಳೆಯ ಕಾರು ಕೊಂಡೆ. ಒಂದು ಭಾನುವಾರ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರ ಹೊರಗಿನ ತನಕ ಹೋಗಿ ಬಂದೆ. ಅವಳಿಗೆ ಏನೂ ಆಗಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಳ್ಳುತ್ತ ಅವಳು ಕೇಳಿದ್ದು ಒಂದೇ ಮಾತು: "ಹಿಂಗಽ ಹೋದ್ರ ಸಮುದ್ರಕ್ಕ ಎಷ್ಟು ತಾಸು?"

ಹೊನ್ನಾವರಕ್ಕೆ ಒಂದು ಪೂರ್ತಿ ದಿನದ ದಾರಿ. ನಾನು ಹೊರಡುವ ಸಮಯ, ಊಟಕ್ಕೆ ನಿಲ್ಲುವ ಊರು, ಘಟ್ಟ ಇಳಿಯುವ ಸಮಯ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದೆ ಇಟ್ಟೆ. ಕಾಲೇಜಿಗೆ ಒಟ್ಟಿಗೆ ನಾಲ್ಕು ದಿನ ರಜೆ ಬರುವುದಿತ್ತು. ಅದು ತಪ್ಪಿದರೆ ಆಮೇಲೆ ಪರೀಕ್ಷೆಯ ಕೆಲಸ, ಅದರ ಹಿಂದೆಯೇ ಮಳೆಗಾಲ. ಮತ್ತೆ ಆರೇಳು ತಿಂಗಳು ಸಮುದ್ರದ ಮಾತಿಲ್ಲ. ಅಪ್ಪ ಹಾಳೆಯನ್ನು ಎರಡು ಸಲ ಓದಿದರು.

"ಮೊದ್ಲು ಮೂರು ಸಲ ಎಲ್ಲಿಗಾದ್ರು ಹೋಗಿ ಬರ್ರಿ," ಅಂದರು. "ಗಾಡಿ ದಾರ್ಯಾಗ ನಿಂದ್ರಬಾರದು. ಯಾರ ಹತ್ರಾನೂ ಸಹಾಯ ಕೇಳಬಾರದು. ಮೂರು ಗೆರಿ ಬಿದ್ದ ಮ್ಯಾಲೆ ಸಮುದ್ರ."

ಗೆರೆ ಬೀಳಬೇಕಾದದ್ದು ನಡುಮನೆಯ ಕ್ಯಾಲೆಂಡರಿನ ಮೇಲೆ. ಅಂಗಡಿಯ ನೀಲಿ ಪೆನ್ನಿನಿಂದ, ಹೋಗಿ ಬಂದ ತಾರೀಖಿನ ಕೆಳಗೆ ಒಂದು ಅಡ್ಡಗೆರೆ.

ಮೊದಲನೆಯ ಸಲ ಭೈರವಾನಿತಿಪ್ಪದ ಡ್ಯಾಮಿಗೆ ಹೋದೆವು. ಡ್ಯಾಮಿನಲ್ಲಿ ಆ ವರ್ಷ ನೀರಿತ್ತು. ಕಟ್ಟೆಯ ಮೇಲೆ ನಿಂತು ಅಮ್ಮ ಕೇಳಿದಳು: "ಸಮುದ್ರ ಇದಕ್ಕಿಂತ ದೊಡ್ಡದಿರ್ತೈತೇನು?"

"ಅಲ್ಲಿ ಆಚೆ ದಂಡೆ ಕಾಣೋದಿಲ್ಲ," ಅಂದೆ.

ಅವಳು ಹಣೆಗೆ ಕೈ ಅಡ್ಡ ಹಿಡಿದು ವೇದಾವತಿ ನದಿಯ ಆಚೆ ದಂಡೆಯನ್ನು ಬಹಳ ಹೊತ್ತು ನೋಡಿದಳು. ಅಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಮನೆಗೆ ಬಂದಾಗ ಅಪ್ಪ ಕಾರಿನ ನಾಲ್ಕೂ ಟೈರುಗಳನ್ನು ಕಾಲಿನಿಂದ ಒತ್ತಿ ನೋಡಿ, ಒಳಗೆ ಹೋಗಿ ಗೆರೆ ಎಳೆದರು.

ಎರಡನೆಯ ಸಲ ಚಿತ್ರದುರ್ಗದ ಆಚೆಯ ಜೋಗಿಮಟ್ಟಿ ಕಾಡಿಗೆ. ನಮ್ಮ ಕಡೆಯ ಕಾಡೆಂದರೆ ಮುಳ್ಳುಗಿಡಗಳ ಗುಡ್ಡ. ಅಲ್ಲಿ ಮರಗಳು ರಸ್ತೆಯ ಮೇಲೆ ನೆರಳು ಚೆಲ್ಲಿದ್ದವು. ತಿರುವಿನಲ್ಲಿ ನವಿಲೊಂದು ಅವಸರವಿಲ್ಲದೆ ರಸ್ತೆ ದಾಟಿತು, ನಾನು ಕಾದೆ. ಅಮ್ಮ ಕಿಟಕಿಯ ಗಾಜು ಇಳಿಸಿ, ವಾಪಸಾಗುವವರೆಗೂ ಏರಿಸಲಿಲ್ಲ. ಬರುವಾಗ ಗಡಿಯ ಈಚೆ ಬರುವ ಮುನ್ನ ಟ್ಯಾಂಕ್ ತುಂಬಿಸಿದೆವು. ಎರಡನೆಯ ಗೆರೆಯೂ ಬಿತ್ತು.

ಮೂರನೆಯದು ಅಮ್ಮನ ಆಯ್ಕೆ. ಅವಳ ತವರು ಮಡಕಶಿರ. ಅದರಾಚೆ ರೊಳ್ಳದ ಬಳಿ ರತ್ನಗಿರಿ ಕೋಟೆ ಇದೆ. ಚಿಕ್ಕವಳಿದ್ದಾಗ ಶಾಲೆಯವರು ಕರೆದುಕೊಂಡು ಹೋಗಿದ್ದರಂತೆ. ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಇವಳಿಗೆ ಜ್ವರ ಬಂದು ಮೇಷ್ಟ್ರು ಕೆಳಗೆ ಕಳಿಸಿದ್ದರಂತೆ. ಪಾವಗಡದ ಮೇಲೆ ಹೋಗುವ ದೂರದ ದಾರಿಯಾದ್ದರಿಂದ ಎರಡನೇ ಶನಿವಾರ ನಸುಕಿನಲ್ಲೇ ಹೊರಟೆವು. ರಜೆಗೆ ಇನ್ನೊಂದೇ ವಾರ ಉಳಿದಿತ್ತು. ಜೋಗಿಮಟ್ಟಿಯಿಂದ ಬರುವಾಗ ತುಂಬಿಸಿದ ಪೆಟ್ರೋಲ್ ಅಷ್ಟರಲ್ಲಿ ತಳ ಕಂಡಿತ್ತು.

ಕಲ್ಯಾಣದುರ್ಗದ ಬಂಕ್ ಬಿಟ್ಟದ್ದು ಅಮ್ಮ ಹೇಳಿದ್ದಕ್ಕಷ್ಟೇ ಅಲ್ಲ. ನನ್ನದೂ ಒಂದು ಲೆಕ್ಕವಿತ್ತು. ದೀಪ ಹೊತ್ತಿದ ಮೇಲೆ ನಲವತ್ತೈದು ಕಿಲೋಮೀಟರ್ ಓಡುತ್ತದೆ ಎಂದು ಕಾರು ಮಾರಿದವರು ಹೇಳಿದ್ದರು. ಗಡಿಯಾಚೆಯ ಮೊದಲ ಬಂಕ್ ಅದಕ್ಕಿಂತ ಈಚೆಗೇ ಇತ್ತು. ನಮ್ಮ ಊರಿನ ಗಡಿ ಹತ್ತಿರ, ಈ ದಾರಿಯ ಗಡಿ ದೂರ ಎಂಬುದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಕಂಬದೂರಿನ ಬಳಿ ಸೇತುವೆ ಕೆಲಸ ನಡೆಯುತ್ತಿದೆ ಎಂಬುದು. ರಸ್ತೆಗೆ ಅಡ್ಡಲಾಗಿ ಕಲ್ಲು, ಮುಳ್ಳು ಇಟ್ಟು ಬಲಕ್ಕೆ ಬಾಣದ ಗುರುತು ಹಾಕಿದ್ದರು. ಕಡಲೆಕಾಯಿ ಹೊಲಗಳ ನಡುವೆ, ಎರಡು ಹಳ್ಳಿ ಸುತ್ತಿ, ಮತ್ತೆ ಡಾಂಬರು ರಸ್ತೆಗೆ ಬಂದಾಗ ಹದಿನಾಲ್ಕು ಕಿಲೋಮೀಟರ್ ಹೆಚ್ಚಾಗಿತ್ತು. ಅಲ್ಲಿಂದ ಸ್ವಲ್ಪ ದೂರ ಹೋದದ್ದಷ್ಟೆ. ಕಾರು ಎರಡು ಸಲ ಜಗ್ಗಿ, ಸದ್ದು ನಿಲ್ಲಿಸಿತು. ನಾನು ಅದನ್ನು ಹುಣಸೆಮರದ ನೆರಳಿಗೆ ಉರುಳಲು ಬಿಟ್ಟೆ.

"ಗಡಿ ಇನ್ನೆಷ್ಟು ದೂರ ಐತಿ?" ಅಂದಳು ಅಮ್ಮ.

"ನಾಲ್ಕು ಕಿಲೋಮೀಟರ್."

ನಾನು ಕಾರಿಗೆ ಬೀಗ ಹಾಕಿದೆ.

ಮುಂದೆ ಕಾಣುತ್ತಿದ್ದ ಹಳ್ಳಿಯವರೆಗೆ ನಡೆದೆವು. ಮೊದಲಿಗೇ ಒಂದು ಚಿಲ್ಲರೆ ಅಂಗಡಿ. ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದರು. ಹತ್ತಿರ ಹೋದಾಗ ಒಳಗಿನದು ನೀರಲ್ಲ, ಪೆಟ್ರೋಲ್ ಎಂದು ತಿಳಿಯಿತು. ಅಂಗಡಿಯಾಕೆ ಅಮ್ಮನ ವಯಸ್ಸಿನವಳು; ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದಳು. ನಾವು ಬಾಯಿ ತೆರೆಯುವ ಮೊದಲೇ ಕೇಳಿದಳು:

"ಕಾರಾ, ಬೈಕಾ?"

"ಕಾರು," ಅಂದೆ.

"ಹಂಗಾರೆ ಎಲ್ಡು ಬಾಟ್ಲಿ ಬೇಕು." ಮೊರ ಕೆಳಗಿಟ್ಟು ಎದ್ದಳು. "ಪಾವಗಡದಾಗೆ ಹಾಕುಸ್ಕೊಳ್ಳಾನ ಅಂತ ಬಂದ್ರಾ?"

ಅಮ್ಮ, "ಹೌದವ್ವ," ಅಂದಳು.

"ಎಲ್ಲಾರೂ ಅಂಗೇ ಬರೋದು ಕಣಕ್ಕ. ಸೇತುವೆ ಕಿತ್ ಮ್ಯಾಲೆ ದಿನಕ್ಕೆ ನಾಕು ಜನ. ಮೊನ್ನೆ ಒಬ್ಬ ಮದುವೆ ಗಂಡು ಬಂದಿದ್ದ, ಬಾಸಿಂಗ ಒಂದು ಕಟ್ಟಿರ್ಲಿಲ್ಲ ಅಷ್ಟೇಯ." ಬಾಟಲಿಗಳನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ನಿಮ್ಮಂಥ ಜಾಣ್ರು ಇರಾಗಂಟ ನನ್ ಅಂಗ್ಡಿಗೇನು ಮೋಸ ಇಲ್ಲ ಬುಡಿ."

ಅವಳು ಹೇಳಿದ ದರ ರಾಯದುರ್ಗದ ಬಂಕಿನದಕ್ಕಿಂತ ಹೆಚ್ಚಿತ್ತು. ಅಮ್ಮ ಚೌಕಾಸಿ ಮಾಡಲಿಲ್ಲ. ಜೀವಮಾನದಲ್ಲಿ ಅವಳು ಚೌಕಾಸಿ ಮಾಡದೆ ಏನನ್ನಾದರೂ ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಪೆಟ್ರೋಲ್ ಹುಯ್ಯಲು ಆಲಿಕೆ ಇರಲಿಲ್ಲ. ಅಂಗಡಿಯಾಕೆಯೇ ತನ್ನ ಮನೆಯ ಎಣ್ಣೆಯ ಆಲಿಕೆ ಹಿಡಿದು ನಮ್ಮ ಜೊತೆ ಕಾರಿನ ತನಕ ನಡೆದು ಬಂದಳು. ಒಂದು ಹನಿಯೂ ಚೆಲ್ಲದಂತೆ ಹುಯ್ದು, ಹಿಂದಿರುಗಿ ನೋಡದೆ ಹೋದಳು.

ಕಾರು ಶುರುವಾಯಿತು. ಗಡಿ ದಾಟಿ, ಬಂಕಿನಲ್ಲಿ ತುಂಬಿಸಿಕೊಂಡೆವು. ಅಲ್ಲಿ ಇಬ್ಬರಿಗೂ ಗೆದ್ದೆವೆಂದು ಅನ್ನಿಸಲಿಲ್ಲ.

ರತ್ನಗಿರಿಯಲ್ಲಿ ಬಿಸಿಲು ಏರಿತ್ತು. ಕೋಟೆಯ ಮೆಟ್ಟಿಲುಗಳನ್ನು ಅಮ್ಮ ಎಣಿಸದೆ, ಕೂತು ಕೂತು ಹತ್ತಿದಳು. ಹಿಂದೆ ಜ್ವರ ಬಂದಿದ್ದ ಜಾಗ ಇದೇ ಎಂದು ಒಂದು ಬಂಡೆಯನ್ನು ತೋರಿಸಿದಳು. ಸ್ವಲ್ಪ ಮೇಲೆ ಹೋದ ಮೇಲೆ ಇನ್ನೊಂದನ್ನೂ ತೋರಿಸಿದಳು. ಮೇಲಿನ ಗೋಡೆಯ ಪಕ್ಕ ನಿಂತರೆ ಕೆಳಗೆ ಅಡಿಕೆ, ರಾಗಿ, ಒಣಗಿದ ಕೆರೆ, ಮತ್ತೆ ಗುಡ್ಡ, ಅದರಾಚೆ ಬರಿಯ ಮಂಜು ಬಣ್ಣ.

"ಇಲ್ಲೂ ಆಚೆ ದಂಡಿ ಕಾಣಂಗಿಲ್ಲ," ಅಂದಳು. ಆಮೇಲೆ ಅದೇ ದನಿಯಲ್ಲಿ, "ಅಪ್ಪಗ ಹೇಳಬ್ಯಾಡ," ಅಂದಳು.

ಇಳಿಯುವಾಗ, ವಾಪಸು ಬರುವಾಗ, ಹುಣಸೆಮರ ದಾಟುವಾಗ ಅದನ್ನೇ ಯೋಚಿಸಿದೆ. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಅಮ್ಮನ ಸಮುದ್ರ ಆರೇಳು ತಿಂಗಳು ದೂರ ಹೋಗುತ್ತದೆ. ತಪ್ಪು ನನ್ನದಾಗಿತ್ತು, ನಷ್ಟ ಅವಳದಾಗುತ್ತಿತ್ತು. ಆದರೆ ಗೆರೆಯನ್ನು ನಂಬಿ ನಮ್ಮನ್ನು ಘಟ್ಟದ ದಾರಿಗೆ ಕಳಿಸುವವರು ಅಪ್ಪ. ಆ ಗೆರೆ ನಿಜವಾಗಿರಬೇಕಿತ್ತು.

ಮನೆ ಸೇರಿದಾಗ ಸಂಜೆ ಏಳು. ಅಪ್ಪ ಟೈರುಗಳನ್ನು ಒತ್ತಿ ನೋಡಿ, ಒಳಗೆ ಬಂದು ಕ್ಯಾಲೆಂಡರಿನ ಮುಂದೆ ನಿಂತು ಪೆನ್ನಿನ ಕ್ಯಾಪ್ ತೆಗೆದರು.

"ಹಾಕಬ್ಯಾಡ್ರಿ ಅಪ್ಪಾ," ಅಂದೆ.

"ಯಾಕ?"

"ಗಾಡಿ ನಿಂತಿತ್ತು. ಪೆಟ್ರೋಲ್ ಮುಗಿದಿತ್ತು. ಒಬ್ಬ ಹೆಣ್ಣುಮಗಳು ಸಹಾಯ ಮಾಡಿದ್ಲು."

"ಎಲ್ಲಿ?"

"ಕಂಬದೂರು ದಾಟಿ. ಗಡಿಗೆ ನಾಕು ಕಿಲೋಮೀಟ್ರು ಇತ್ತು."

ಗಡಿ ಎಂಬ ಮಾತಿಗೆ ಅಪ್ಪ ನನ್ನ ಕಡೆ ತಿರುಗಿದರು. "ಕಲ್ಯಾಣದುರ್ಗದಾಗ ಬಂಕ್ ಇರಲಿಲ್ಲೇನು?"

"ಇತ್ತು," ಅಂದಳು ಅಮ್ಮ ಅಡುಗೆಮನೆಯ ಬಾಗಿಲಿನಿಂದ. "ನಾನಽ ಬ್ಯಾಡ ಅಂದೆ. ಇಷ್ಟು ವರ್ಷ ನಿಮ್ಮ ಸ್ಕೂಟರ್ ಹಿಂದ ಕುಂತು ಕಲ್ತದ್ದು ಎಲ್ಲಿ ಹೋಗ್ತೈತ್ರಿ?"

"ಸ್ಕೂಟರ್ ಆದ್ರ ತಳ್ಳಬೌದು. ಕಾರು ಯಾರು ತಳ್ತಾರ?"

"ನೀವು ತಳ್ಳಿದ್ದು ನಾ ನೋಡೀನಲ್ಲ! ಮೊಳಕಾಲ್ಮುರು ದಾರ್ಯಾಗ. ನೀವು ಮುಂದ ತಳ್ಳಿಕೆಂತ, ನಾ ಹಿಂದ ನಡಕಂತ. ಈಕಿ ಆವಾಗ ಹೊಟ್ಯಾಗಿದ್ಲು."

ಈ ಕಥೆ ನಾನು ಕೇಳಿರಲಿಲ್ಲ. ಅಪ್ಪ ನಗಲಿಲ್ಲ, ಆದರೆ ಪೆನ್ನಿನ ಕ್ಯಾಪನ್ನು ಮುಚ್ಚಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು.

"ಗೆರಿ ಹಾಕಂಗಿಲ್ಲ," ಅಂದರು. "ಮಾತು ಮಾತೇ."

ಅಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು. ಪಾತ್ರೆಗಳ ಸದ್ದು ಎಂದಿಗಿಂತ ಮೆಲ್ಲಗಿತ್ತು. ಅಪ್ಪ ಅದನ್ನು ಕೇಳುತ್ತ ಕೂತಿದ್ದರು. ಊಟಕ್ಕೆ ಎಲ್ಲರೂ ಕೂತ ಮೇಲೆ, ರೊಟ್ಟಿ ಮುರಿಯುತ್ತ, ತಟ್ಟೆಗೇ ಹೇಳುವಂತೆ ಹೇಳಿದರು:

"ನಾಳೆ ಆದಿತ್ವಾರ. ರಜಾಕ್ಕ ಮೊದ್ಲು ಇನ್ನೊಂದು ದಿನ ಐತಿ. ಮತ್ತ ಹೋಗಿ ಬರ್ರಿ. ಟ್ಯಾಂಕ್ ತುಂಬಿಸ್ಕಂಡು."

"ಎಲ್ಲಿ ತುಂಬಿಸ್ಬೇಕು?" ಅಂದಳು ಅಮ್ಮ.

ಅಪ್ಪ ರೊಟ್ಟಿಯ ತುಂಡನ್ನು ಬಾಯಿಗಿಟ್ಟು, ಅಗಿದು, ನುಂಗಿ, ನೀರು ಕುಡಿದರು.

"ಇಲ್ಲೇ," ಅಂದರು.

ಮರುದಿನ ಬೆಳಿಗ್ಗೆ ಆರೂವರೆಗೆ ನಾನೊಬ್ಬಳೇ ಊರಿನ ಬಂಕಿಗೆ ಹೋದೆ. ನಾನು "ಫುಲ್" ಅಂದಾಗ ಅಲ್ಲಿದ್ದವನು ಪೈಪ್ ಕೈಯಲ್ಲಿ ಹಿಡಿದು, "ಫುಲ್ಲಾ ಮೇಡಂ? ಇಕ್ಕಡಾ?" ಎಂದು ತೆಲುಗಿನಲ್ಲಿ ಕೇಳಿ ಖಚಿತ ಮಾಡಿಕೊಂಡ. ಇಲ್ಲೇ ಎಂದೆ. ಟ್ಯಾಂಕ್ ತುಂಬಲು ಹಿಡಿದ ಹೊತ್ತಿನಲ್ಲಿ ಮುಂದಿನ ಗಾಜು ಒರೆಸಿದೆ. ಮನೆಗೆ ಬಂದಾಗ ಅಮ್ಮ ಮಂಡಕ್ಕಿ ಡಬ್ಬಿ, ನೀರು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳು ಹತ್ತಿ ಕೂತ ಮೇಲೆ ದೂರ ಎಣಿಸುವ ಮೀಟರನ್ನು ಸೊನ್ನೆಗೆ ತಂದು, ಕಾರನ್ನು ಗಡಿಯ ಈಚೆಗೇ ಇರುವ ಕಣೇಕಲ್ಲಿನ ರಸ್ತೆಗೆ ತಿರುಗಿಸಿದೆ.