ಎಂಜಿನ್ ಆಗುತ್ತಿದ್ದ ಮಾಸ್ಟ್ರು

ಬದಿಯಡ್ಕದ ಹತ್ತಿರದ ಶಾಲೆಯಲ್ಲಿ ನನ್ನೊಟ್ಟಿಗೆ ಭೂಗೋಳ ಕಲಿಸುತ್ತಿದ್ದ ಮಾಸ್ಟ್ರು ಆಟವನ್ನೂ ಪೂಜೆಯಷ್ಟು ಮಡಿಯಿಂದ ಆಡಿಸುವವರು. ರೈಲನ್ನೇ ಕಾಣದ ಮಕ್ಕಳಿಗೆ ಸ್ಟೇಷನ್ನುಗಳ ಹೆಸರು ಬಾಯಿಗೆ ಬರಲೆಂದು ನಾವಿಬ್ಬರೂ ಸೇರಿ ಒಂದು ರೈಲಾಟ ಕಟ್ಟಿದೆವು. ಅಂಗಳದಲ್ಲಿ ಒಂದೊಂದು ಮಗು ಒಂದೊಂದು ಸ್ಟೇಷನ್, ಉಳಿದವರು ಡಬ್ಬಿಗಳು. ಕಚ್ಚೆ ಬಿಗಿದು ಮೊಣಕೈ ತಿರುಗಿಸುತ್ತ ಓಡುವ ಎಂಜಿನ್ ಅವರೇ. ರೈಲು ಬಂದಾಗ ಸ್ಟೇಷನ್ ತನ್ನ ಹೆಸರು ಕೂಗಬೇಕು ಎಂಬುದು ಅವರ ನಿಯಮ. ಮಕ್ಕಳು ಹಣ್ಣಿನಾಸೆಗೆ ಪೇರಳೆ ಮರಕ್ಕೆ ಓಡುತ್ತಾರೆಂದು, ರೈಲು ತಿರುಗಿ ಬರುವವರೆಗೆ ಸ್ಟೇಷನ್ ಕದಲಬಾರದು ಎಂದು ನಾನು ಸೇರಿಸಿದೆ. ಯಾರು ಗೊಣಗಿದರೂ ಅವರದು ಒಂದೇ ಮಾತು: "ನಿಯಮ ಉಂಟಲ್ಲ ಮಾರಾಯ!"

ಶಾಲಾ ಇನ್ಸ್‌ಪೆಕ್ಟರು ಬಂದ ದಿನ ಕುಂಬಳೆ ಸ್ಟೇಷನ್ನಿಗೆ ಜ್ವರ, ಹುಡುಗ ಶಾಲೆಗೆ ಬಂದಿರಲಿಲ್ಲ. ರೈಲು ಹಿಂದಿನ ಸ್ಟೇಷನ್ ಉಪ್ಪಳದಲ್ಲೇ ನಿಂತಿತು.

"ಕುಂಬಳೆ ಬಿಟ್ಟು ಹೋಗಿ," ಎಂದರು ಇನ್ಸ್‌ಪೆಕ್ಟರು.

"ಬಿಟ್ಟರೆ ಕಾಸರಗೋಡು ಹೇಗೆ ಬರುತ್ತದೆ ಸಾರ್? ನೀವೇ ಸ್ವಲ್ಪ ನಿಲ್ಲಿ," ಎಂದರು ಮಾಸ್ಟ್ರು.

ಶಾಲೆಯ ಮಂಜೂರಾತಿ ಇದ್ದದ್ದು ಇನ್ಸ್‌ಪೆಕ್ಟರ ಕೈಯಲ್ಲಿ. ಅವರು ಬಿಸಿಲಿಗೆ ಹೋಗಿ ನಿಂತರು, ರೈಲು ಬಂತು.

"ಕುಂಬಳೆ," ಎಂದು ಗೊಣಗಿದರು.

"ಎಂತ? ಕೇಳಲಿಲ್ಲ ಸಾರ್."

"ಕುಂಬಳೇ!" ಮಕ್ಕಳು ಚಪ್ಪಾಳೆ ತಟ್ಟಿದರು.

"ಇನ್ನು ಸಾಕಲ್ಲ?"

"ನಾವು ತಿರುಗಿ ಬರುವವರೆಗೆ ಕದಲಬಾರದು. ನಿಯಮ ಉಂಟಲ್ಲ ಮಾರಾಯ್ರೆ!" ಎನ್ನುತ್ತ ಎಂಜಿನ್ ಓಡಿಯೇಬಿಟ್ಟಿತು.

ಹೆಡ್‌ಮಾಸ್ಟ್ರು ಕೆತ್ತಿದ ಎಳನೀರಿನ ಬೊಂಡ ಹಿಡಿದುಕೊಂಡು ಓಡಿಬಂದರು. "ನೆರಳಿಗೆ ಬನ್ನಿ ಸಾರ್, ಆ ಮಾಸ್ಟ್ರು ಒಂಥರಾ ಹಾಗೆಯೇ."

ಇನ್ಸ್‌ಪೆಕ್ಟರು ಟೊಪ್ಪಿ ಸರಿಮಾಡಿಕೊಂಡು ಇನ್ನಷ್ಟು ನೆಟ್ಟಗೆ ನಿಂತರು.

"ರೈಲು ಬರಲಿ. ನಿಯಮ ಉಂಟಲ್ಲ ಮಾರಾಯ್ರೆ!"